ಹತ್ತು ಮಂದಿಯ ಹುಗ್ಗಿ

ಧಾರವಾಡದ ಒಲೆಗಳು ಬೆಳಗಾಗುತ್ತಲೇ ಪತ್ರಿಕೆಯ ಮಹಿಳಾ ಪುಟವನ್ನು ಓದಿಕೊಂಡು, ಬರೆದದ್ದನ್ನು ಬರೆದಷ್ಟೇ ಬೇಯಿಸುತ್ತಿದ್ದವು. ಊರಿನಲ್ಲಿ ಎಲ್ಲರೂ ಒಂದೊಂದು ಕೋಣೆಯಲ್ಲಿ ಒಬ್ಬೊಬ್ಬರೇ ಇರುತ್ತಿದ್ದುದರಿಂದ ಆ ಪುಟಕ್ಕೆ ಅಡುಗೆ ಬರೆಯುವ ನೀಲಾಂಬಿಕೆ ಯಾವಾಗಲೂ ಒಬ್ಬರ ಅಳತೆಯನ್ನೇ ಬರೆಯುತ್ತಿದ್ದಳು.

“ಇನ್ನ ಮ್ಯಾಲ ಒಲಿಗೋಳಿಗೆ ಒಲಿ ಕಂಪನಿಯವರೇ ಅಡಗಿ ಹೇಳ್ತಾರಂತ ಅಕ್ಕಾರ. ನಾಳಿಂದು ನಿಮ್ಮ ಕಡೀ ಪುಟ,” ಎಂದರು ಸಂಪಾದಕ ದೇಸಾಯರು.

ಅದೇ ಮೂಲೆಯ ಮೇಜಿನಲ್ಲಿ ಕೂತು ಸೀರೆ, ಸಾರು, ಸಂಸಾರಗಳನ್ನು ಬರೆದು ಹೋದ ಹಿರಿಯ ಪತ್ರಕರ್ತೆಯರನ್ನು ನೆನೆದು ನೀಲಾಂಬಿಕೆ ಕೈಮುಗಿದಳು. ಆಮೇಲೆ ಗೋದಿ ಹುಗ್ಗಿ ಬರೆದಳು. ಅಳತೆ ಮಾತ್ರ ಹತ್ತು ಮಂದಿಯದು.

ಮರುದಿನ ಮನೆಮನೆಯ ಪಾತ್ರೆಯೂ ಉಕ್ಕಿತು.

“ಯವ್ವಾ, ನಾ ಒಬ್ಬಾಕಿ ಇಷ್ಟು ಹೆಂಗ ತಿನ್ನಲಿ?”

“ನಂದೂ ಹಂಗ ಆಗೇತಿ, ಹೊರಗ ತಗೊಂಡ್ ಬಾ!”

ಓಣಿಯ ತುಂಬ ಪಂಕ್ತಿ ಕೂತಿತು. ಎಲ್ಲರದೂ ಅದೇ ಹುಗ್ಗಿಯಾದರೂ ಪಕ್ಕದವರದೇ ಹೆಚ್ಚು ರುಚಿ ಎಂದು ಎಲ್ಲರೂ ಬಡಿಸಿಕೊಂಡರು. ಯಾರೋ ಹಾಡೂ ಶುರುಮಾಡಿದರು.

ಅಷ್ಟರಲ್ಲಿ ಪಂಕ್ತಿಯಲ್ಲಿ ಕೂತಿದ್ದ ನೀಲಾಂಬಿಕೆಗೆ ದೇಸಾಯರು ಬೋಗುಣಿ ಹಿಡಿದು ಬರುವುದು ಕಂಡಿತು. ಇನ್ನು ಬೈಗುಳವೇ ಎಂದುಕೊಂಡು ಅವಳು ತಲೆ ತಗ್ಗಿಸಿದಳು.

“ಸ್ವಲ್ಪ ಸರೀರಿ ಅಕ್ಕಾರ, ನಾನೂ ಕೂಡ್ತೀನಿ,” ಎಂದು ಅವರು ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತರು. “ಕಂಪನಿಯವರಿಗೆ ನಾ ಹೇಳ್ಕೋತೀನಿ, ನಾಳಿನ ಪುಟಕ್ಕೂ ನೀವ ಹೋಳಿಗಿ ಬರೀರಿ. ಹತ್ತು ಮಂದೀದು ಸಾಲೂದಿಲ್ಲ.”