ಎರಡು ಗೀಟಿನ ಚೀಲ

"ಸಾಹೇಬ್ರ, ನನ್ನ ರಕ್ತದ ಚೀಲ ಇಲ್ಲೈತಿ. ಮ್ಯಾಲ ಎರಡು ಗೀಟು ಅದಾವು. ವಾಪಸ್ ಕೊಡ್ರಿ," ಎಂದ ಧರೆಪ್ಪ, ಸರಕಾರಿ ರಕ್ತನಿಧಿಯ ಕಿಟಕಿಯಲ್ಲಿ ತಲೆ ತೂರಿಸಿ.

ಹೋದ ತಿಂಗಳು ಬೋರಗಾಂವದ ಶಿಬಿರದಲ್ಲಿ ಅವನು ರಕ್ತ ಕೊಟ್ಟಿದ್ದ. ಕುರಿಗಾರ, ನಾಲ್ಕು ಹಿಂಡು ಕೂಡುವ ಕಡೆ ತನ್ನ ಕುರಿಗೆ ಗುರುತು ಹಾಕದೆ ಬಿಟ್ಟವನಲ್ಲ. ಸಿಸ್ಟರ್ ಕೈಯಿಂದ ಪೆನ್ನು ಇಸಿದುಕೊಂಡು ಚೀಲದ ಮೇಲೂ ಎರಡು ಗೀಟು ಎಳೆದಿದ್ದ. ಈಗ ಹೆಂಡತಿ ಸತ್ತೆವ್ವ ಹೊಟ್ಟೆ ಊದಿ ದವಾಖಾನೆಯಲ್ಲಿ ಮಲಗಿದ್ದಳು. ಡಾಕ್ಟರು ಆಲ್ಬುಮಿನ್ ಬರೆದು, "ರಕ್ತದ ಹಳದಿ ನೀರಿನಿಂದಲೇ ತೆಗೀತಾರ. ಇವತ್ತ ಬೇಕು," ಎಂದಿದ್ದರು. ತನ್ನದೇ ಇದೆಯಲ್ಲ ಎಂದು ಧರೆಪ್ಪ ನೆಟ್ಟಗೆ ಇಲ್ಲಿಗೆ ಬಂದಿದ್ದ.

ಕಿಟಕಿಯೊಳಗೆ ಕೂತಿದ್ದ ರಕ್ತನಿಧಿಯ ಗುಮಾಸ್ತ ವಿಕ್ರಾಂತ ನಕ್ಕ. "ಕಾಕಾ, ಅದು ಎಂದೋ ಹೋತು. ಕೆಂಪು, ಹಳದಿ ಬ್ಯಾರೆ ಮಾಡಿ, ಕೆಂಪು ಒಬ್ಬ ಬಾಣಂತಿಗೆ ಕೊಟ್ವಿ."

"ಚಲೋ ಆತು, ಆಕಿ ಬದುಕ್ಲಿ. ಹಳದಿ?"

"ಕಂಪನಿಗೆ. ಸರಕಾರನ ರೇಟ್ ಕಟ್ಟೇತಿ."

"ಅಂದ್ರ, ಮಾರಿದ್ರಿ?"

ವಿಕ್ರಾಂತ ಕಿವಿ ಮುಚ್ಚಿಕೊಳ್ಳುವುದೊಂದು ಬಾಕಿ. "ಛೇ ಛೇ! ರಕ್ತ ಮಾರೂದು ಅಪರಾಧ ಐತಿ. ಗ್ವಾಡಿ ಮ್ಯಾಲ ಬರದದ್ದು ಕಾಣಂಗಿಲ್ಲೇನು? ನಾವು ಹಸ್ತಾಂತರ ಮಾಡ್ತೀವಿ. ರೊಕ್ಕ ಬರತೈತಿ, ಖರೆ. ಆದ್ರ ಮಾರಾಟ ಅಲ್ಲ."

ಧರೆಪ್ಪ ಗೋಡೆಯನ್ನೂ ನೋಡಿದ, ವಿಕ್ರಾಂತನನ್ನೂ ನೋಡಿದ. "ನನ್ನ ಕುರಿ ಗುರುತು ಅಳಿಸಿ, ಮತ್ತೊಬ್ಬ ತನ್ನ ಗುರುತು ಹಾಕಿ ಸಂತಿಗೆ ಒಯ್ದ್ರ ನಾವು ಕಳವು ಅಂತೀವ್ರಿ. ನಿಮ್ಮಲ್ಲಿ ಏನಂತಾರ?"

"ಸರಕಾರಿ ಪಾಲಿಸಿ ಅಂತಾರ," ಎಂದ ವಿಕ್ರಾಂತ, ಬಲು ಗಂಭೀರವಾಗಿ. "ಮುಂದಿನ ಶಿಬಿರಕ್ಕೂ ಬರ್ರಿ ಕಾಕಾ. ಈ ಸಲ ಟಿಫಿನ್ ಡಬ್ಬಿ ಕೊಡ್ತಾರ."

ಎದುರಿನ ಔಷಧದಂಗಡಿಯವನು ಆಲ್ಬುಮಿನ್ ಬಾಟಲಿ ತೆಗೆದು ಮುಂದಿಟ್ಟ. ಧರೆಪ್ಪ ಅದನ್ನು ಬೆಳಕಿಗೆ ಹಿಡಿದು, ಸಂತೆಯಲ್ಲಿ ಕುರಿ ತಿರುಗಿಸಿ ನೋಡುವಂತೆ ನಾಲ್ಕೂ ಕಡೆ ನೋಡಿದ. ಒಳಗೆ ಹಳದಿ ನೀರು. ಮೇಲೆ ಕಂಪನಿಯ ಗುರುತು. ಅದರ ಕೆಳಗೆ ಬೆಲೆ, ಎಲ್ಲ ತೆರಿಗೆಗಳೂ ಸೇರಿ. ಒಂದು ಟಗರು ಹೋಗಲೇಬೇಕು.

ತಮ್ಮ ಮಾಳೇಶನಿಗೆ ಫೋನು ಹಚ್ಚಿದ. "ಕರಿ ಟಗರು ಕೊಟ್ಟು ಲಗೂನ ರೊಕ್ಕ ತಗೊಂಡು ಬಾ. ನಿಮ್ಮ ವೈನಿ ಸತ್ತೆವ್ವಗ ಔಷಧ ಬೇಕಾಗೇತಿ."

"ಹೂಂ ಅಣ್ಣಾ. ನಮ್ಮ ಗುರುತು ತೊಳದ ಕೊಡ್ಲೇನು?"

"ಬ್ಯಾಡಲೇ," ಎಂದ ಧರೆಪ್ಪ. "ಯಾರ ಟಗರು ಅಂತ ಕೊಂಡವ್ಗ ಗೊತ್ತಿರ್ಲಿ. ನಾವೇನ ಸರಕಾರ ಅಲ್ಲ."