ಬಾತುಕೋಳಿಯ ಪಾಲು

"ಸಾಲ ತಗೊಂಡಾಗ ನಿಮಗೆ ಕೆಲಸ ಇತ್ತಾ, ಸರ್?"

ಬ್ಯಾಂಕಿನ ಹುಡುಗಿ ಫೋನಿನಲ್ಲಿ ಕೇಳಿದ ಪ್ರಶ್ನೆಗೆ ಕ್ಲಿಫರ್ಡ್ ಓರೆಗಣ್ಣಲ್ಲಿ ಪಕ್ಕಕ್ಕೆ ನೋಡಿದ. ಅಲ್ಲೇ ಹೆಂಡತಿ ನಾರ್ಮಾ ಚಹಾಕ್ಕೆ ಬಿಸ್ಕತ್ತು ಅದ್ದುತ್ತ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಕೆಲಸ ಹೋದರೆ ಸಾಲದ ಕಂತು ಕಟ್ಟುವ ವಿಮೆಯನ್ನು ಬ್ಯಾಂಕಿನವರು ಅಂದು ಸಾಲದ ಜೊತೆಗೆ ಕೆಲಸವೇ ಇಲ್ಲದವನ ತಲೆಗೆ ಕಟ್ಟಿದ್ದರು; ಹಾಗೆ ಮೋಸಹೋದವರಿಗೆ ಈಗ ದುಡ್ಡು ವಾಪಸ್ ಕೊಡುತ್ತಿದ್ದರು. ನಿಜ ಹೇಳಿದರೆ ಪರಿಹಾರ ಖಂಡಿತ. ಆದರೆ ಗಿರಣಿಯಿಂದ ತೆಗೆದುಹಾಕಿದ ಆ ಚಳಿಗಾಲವೆಲ್ಲ ಅವನು ಬೆಳಿಗ್ಗೆ ಬುತ್ತಿ ಹಿಡಿದು ಹೊರಟು, ಬರ್ನ್ಲಿ ಊರಿನ ಕಾಲುವೆ ದಂಡೆಯಲ್ಲಿ ಹೊತ್ತು ಕಳೆದು, ಸಾಲದ ದುಡ್ಡನ್ನೇ ಸಂಬಳವೆಂದು ಅವಳ ಕೈಗಿಡುತ್ತಿದ್ದ.

"ಇತ್ತು... ಅಂದ್ರೆ..." ಎಂದು ತೊದಲಿದ.

"ಇರ್ಲಿಲ್ಲ ಕಣಮ್ಮ, ಬರ್ಕೋ," ನಾರ್ಮಾ ಫೋನಿನತ್ತ ಬಾಗಿದಳು. "ಕಾಲುವೆ ಹತ್ರ ಕೂತ್ಕೊಂಡು ಬಾತುಕೋಳಿಗೆ ಊಟ ಹಾಕ್ತಿದ್ದ. ಬಸ್ಸಿಂದ ನಾನೇ ನೋಡಿದ್ದೀನಿ."

ಕ್ಲಿಫರ್ಡ್ ಕಣ್ಣುಕಣ್ಣು ಬಿಟ್ಟ. "ಗೊತ್ತಿತ್ತಾ ನಿಂಗೆ? ಮತ್ತೆ ಒಂದು ಮಾತೂ ಆಡ್ಲಿಲ್ವಲ್ಲೇ!"

"ನೀನು ತಿನ್ನೋ ಬುತ್ತಿಯೆಲ್ಲ ಅವಕ್ಕೆ ಹಾಕ್ತಿದ್ದೆ, ಪೆದ್ದು," ಎಂದು ನಾರ್ಮಾ ಅವನ ಅಂಗೈ ಹಿಡಿದಳು. "ನೋಡಿದ ಮಾರನೇ ದಿನದಿಂದ ನಾನು ಡಬ್ಬಿಲಿ ಬ್ರೆಡ್ಡಿನ ಅಂಚು ಬೇರೆ ಕಟ್ಟಿ ಇಡ್ತಿದ್ದೆನಲ್ಲ, ಅದು ಯಾರಿಗೆ ಅಂದ್ಕೊಂಡಿದ್ದೆ?"