ಹಿತ್ತಲಕಡೆ ನಾಲ್ಕು ಮಂದಿ

ಠಾಣೆಯಲ್ಲಿ ಹೆಡ್ ಕಾನ್‌ಸ್ಟೆಬಲ್ ಚನವೀರಪ್ಪ ಒಬ್ಬನೇ ಉಳಿದಿದ್ದ. ಅರ್ಧ ಹುದ್ದೆಗಳು ವರ್ಷಗಳಿಂದ ಖಾಲಿ. ಇದ್ದವರೆಲ್ಲ ಮಂತ್ರಿಗಳ ಬಂದೋಬಸ್ತಿಗೆ ಹೋಗಿದ್ದರು. ಎರಡು ದಿನದಿಂದ ಅವನು ಮನೆಯ ಮುಖ ಕಂಡಿರಲಿಲ್ಲ. ಮಧ್ಯಾಹ್ನ ಹೆಂಗಸೊಬ್ಬಳು ಓಡಿಬಂದು, ಗಂಡ ಮಚ್ಚು ಹಿಡಿದು ಮಗಳನ್ನು ಮನೆಯೊಳಗೆ ಕೂಡಿಹಾಕಿಕೊಂಡಿದ್ದಾನೆಂದು ಅತ್ತಳು.

ಚನವೀರಪ್ಪ ಸಬ್ ಇನ್‌ಸ್ಪೆಕ್ಟರಿಗೆ ಫೋನ್ ಮಾಡಿದ.

"ಇಲ್ಲಿಂದ ಒಬ್ಬನ್ನೂ ಕಳಸಾಕ ಆಗೂದಿಲ್ಲ. ನೀವ ಹೋಗ್ರಿ," ಎಂದರು ಅವರು.

ಓಣಿಯ ಕೊನೆಯ ಆ ಮನೆಯ ಮುಂದೆ ನಿಂತಾಗ ಅವನ ಕೈಯಲ್ಲಿ ಬರೀ ಒಂದು ಲಾಠಿಯಿತ್ತು. ಮುಚ್ಚಿದ ಬಾಗಿಲಾಚೆ ಹುಡುಗಿ ಬಿಕ್ಕುವುದು ಕೇಳಿಸಿತು. ತಾನು ಒಬ್ಬನೇ ಬಂದಿರುವುದು ತಿಳಿದರೆ ಆ ಮನುಷ್ಯ ಏನು ಮಾಡಿಯಾನೋ ಎಂದು ಹೆದರಿದ. ಇದ್ದಬದ್ದ ಧೈರ್ಯವನ್ನೆಲ್ಲ ಗಂಟಲಿಗೆ ತಂದುಕೊಂಡು ಕೂಗಿದ:

"ನಾಲ್ಕು ಮಂದಿ ಹಿತ್ತಲಕಡೆ ಹೋಗ್ರಿ. ಇಬ್ರು ಮಾಳಗಿ ಹತ್ರಿ. ಏ ತಮ್ಮಾ, ಸುತ್ತಲೂ ಪೊಲೀಸರದಾರ. ಮಚ್ಚು ಕೆಳಗಿಟ್ಟು ಕೂಸಿನ್ನ ಹೊರಗ ಬಿಡು."

ಒಳಗೆ ಬಿಕ್ಕು ನಿಂತಿತು. ಚಿಲಕ ಸರಿದ ಸದ್ದು ಕೇಳಿ ಚನವೀರಪ್ಪ ಉಸಿರುಬಿಟ್ಟ. ಬಾಗಿಲು ಗೇಣಷ್ಟು ತೆರೆಯಿತು.

"ಯಾವ ಪೊಲೀಸರು, ಸಾಹೇಬ್ರ? ಮುಂಜಾನಿ ಅವರನ್ನೆಲ್ಲ ನನ್ನ ಗಾಡ್ಯಾಗ ತುಂಬಿಕೊಂಡು ಬಂದೋಬಸ್ತಿಗೆ ಬಿಟ್ಟು ಬಂದಾಂವ ನಾನ."